ಆಕಾಶಕ್ಕಿಟ್ಟ ದೃಷ್ಟಿಬೊಟ್ಟು

ನಮ್ಮ ಮನೆಗೆ ಬಂದ ಯಾವ ಹೊಸ ವಸ್ತುವೂ ಕಪ್ಪು ಚುಕ್ಕಿಯಿಲ್ಲದೆ ಒಂದು ದಿನ ದಾಟಿದ್ದನ್ನು ನಾನು ಕಂಡಿಲ್ಲ. ಕುಕ್ಕರು ಬಂದ ದಿನ ಅದರ ಹಿಡಿಯ ಕೆಳಗೊಂದು ಚುಕ್ಕಿ, ಫ್ರಿಜ್ಜು ಬಂದ ದಿನ ಅದರ ಬೆನ್ನಿಗೊಂದು ಚುಕ್ಕಿ, ಅಪ್ಪನ ಸ್ಕೂಟರು ಬಂದ ದಿನ ಹೆಡ್‌ಲೈಟಿನ ಪಕ್ಕದಲ್ಲೊಂದು. ಇದೆಲ್ಲ ಅಪ್ಪನ ತಾಯಿ, ನಮ್ಮಜ್ಜಿಯ ಕೆಲಸ. ಹಾಸನದ ಕಡೆಯಿಂದ ಮಗನ ಜೊತೆ ಚೆನ್ನೈಗೆ ಬರುವಾಗ ಅವಳು ತಂದದ್ದು ಒಂದು ಸೀರೆಗಂಟು, ಒಂದು ಕಂಚಿನ ತಟ್ಟೆ, ಒಂದು ಕಾಡಿಗೆ ಡಬ್ಬಿ. ತಿಂಗಳಿಗೊಮ್ಮೆ ಹರಳೆಣ್ಣೆ ದೀಪದ ಮೇಲೆ ಆ ತಟ್ಟೆಯನ್ನು ಕವುಚಿ, ಮಸಿ ಕೆರೆದು, ಬೆಣ್ಣೆಯಲ್ಲಿ ಕಲಸಿ ಡಬ್ಬಿ ತುಂಬಿಸಿಕೊಳ್ಳುತ್ತಿದ್ದಳು. ಡಬ್ಬಿ ಸದಾ ಅವಳ ಸೊಂಟದಲ್ಲಿ. ಲೋಕದಲ್ಲಿ ಚೆನ್ನಾಗಿರುವುದನ್ನೆಲ್ಲ ಹಾಳುಮಾಡಲು ಯಾರೋ ಒಬ್ಬರು ಕಣ್ಣು ಬಿಟ್ಟುಕೊಂಡು ಕೂತೇ ಇರುತ್ತಾರೆ ಎಂಬುದು ಅವಳ ನಂಬಿಕೆ. ಆ ಒಬ್ಬರು ಹೆಚ್ಚಾಗಿ ಎದುರು ಮನೆಯವರೇ ಆಗಿರುತ್ತಿದ್ದರು. ನನ್ನ ಎಡಗೆನ್ನೆಗಂತೂ ಹತ್ತು ವರ್ಷ ತುಂಬುವವರೆಗೆ ಬಿಡುಗಡೆಯಿರಲಿಲ್ಲ. ಶಾಲೆಯ ಬಸ್ಸು ಹತ್ತಿದ ಕೂಡಲೇ ನಾನು ಎಂಜಲು ಹಚ್ಚಿ ಚುಕ್ಕಿಯನ್ನು ಉಜ್ಜುತ್ತಿದ್ದೆ. ಚುಕ್ಕಿ ಹೋಗಿ ಅರ್ಧ ಕೆನ್ನೆ ಮಸಿಯಾಗುತ್ತಿತ್ತು. ಟೀಚರು ದಿನಾ ಮುಖ ತೊಳೆಯಲು ಕಳಿಸುತ್ತಿದ್ದರು.

ಚೆನ್ನೈನಲ್ಲಿ ಅಜ್ಜಿಗೆ ಹಿಡಿಸಿದ್ದು ಒಂದೇ ಒಂದು. ನೀರು ಉಪ್ಪು, ಸೆಕೆಯ ಮಾತು ಕೇಳುವುದೇ ಬೇಡ, ಸಾರಿಗೆ ಬೆಲ್ಲ ಹಾಕದ ಜನ, ಮೊಮ್ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಹಾಗೆ ಉತ್ತರ ಕೊಟ್ಟಾಗಲೆಲ್ಲ ಅಜ್ಜಿ ಕಿವಿ ಕೇಳಿಸದವಳಂತೆ ಕೂರುತ್ತಿದ್ದಳು. ಆದರೆ ಇಲ್ಲಿ ಕಟ್ಟುತ್ತಿರುವ ಪ್ರತಿ ಮನೆಯ ಮುಂದೆ ಮೀಸೆ, ಕೋರೆಹಲ್ಲು ಬರೆದ ಬೂದುಗುಂಬಳ ನೇತಾಡುವುದನ್ನು ಕಂಡ ದಿನ ಅವಳ ಮುಖ ಅರಳಿತಂತೆ.

"ಈ ಜನಕ್ಕೆ ತಿಳುವಳಿಕೆ ಇದೆ ಕಣೋ," ಎಂದಳಂತೆ ಅಪ್ಪನಿಗೆ. "ಇಲ್ಲಿ ಬಾಳ್ವೆ ಮಾಡಬಹುದು."

ನಾವಿದ್ದದ್ದು ಟಿ. ನಗರದ ಅಂಗಡಿಬೀದಿಗಳ ಬೆನ್ನಿಗಿದ್ದ ಒಂದು ಗಲ್ಲಿಯಲ್ಲಿ, ಮಹಡಿಯ ಮೇಲೆ. ಹಾಲು, ಒಂದು ರೂಮು, ಇಬ್ಬರು ಹೆಂಗಸರು ಎದುರುಬದುರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡಿಗೆಮನೆ. ಆ ಇಬ್ಬರು ಹೆಂಗಸರು ಅಮ್ಮ ಮತ್ತು ಅಜ್ಜಿ. ಬೆಳಗಿನ ಡಿಕಾಕ್ಷನ್ ಯಾರು ಹಾಕಬೇಕು, ಎಷ್ಟು ಗಟ್ಟಿ ಇರಬೇಕು ಎನ್ನುವ ವಿಷಯದಲ್ಲಿ ಅವರಿಗೆ ಒಮ್ಮತ ಬಂದದ್ದೇ ಇಲ್ಲ. ಜಗಳವಾಡುವಾಗ ಒಬ್ಬರಿಗೊಬ್ಬರು ಬೆನ್ನು ಹಾಕಿ, ಪಾತ್ರೆಗಳ ಜೊತೆ ಮಾತಾಡುತ್ತಿದ್ದರು. ಅಪ್ಪ ಇನ್ಶೂರೆನ್ಸ್ ಕಂಪನಿಯ ಆಫೀಸಿನಲ್ಲಿದ್ದುದರಿಂದ ಎಂಥ ನಷ್ಟವನ್ನೂ ಶಾಂತವಾಗಿ ನೋಡುವ ಅಭ್ಯಾಸವಿತ್ತು. ಕಾಫಿ ಬರುವವರೆಗೆ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ತಾರಸಿ. ಅಲ್ಲಿ ಅಮ್ಮ ಬಟ್ಟೆ ಒಣಗಿಸುವ ನೈಲಾನ್ ಹಗ್ಗ, ಅದರಿಂದ ನಾಲ್ಕು ಮಾರು ದೂರದಲ್ಲಿ ಅಜ್ಜಿಯ ಮಡಿಸೀರೆಯ ಬಿದಿರು ಗಳ. ಗಾಳಿ ಬೀಸಿ ಅಮ್ಮನ ಸೀರೆಯ ತುದಿ ಅಜ್ಜಿಯ ಸೀರೆಗೆ ತಗುಲಿದರೆ ಗಾಳಿಯ ಜೊತೆಗೂ ಜಗಳವಾಗುತ್ತಿತ್ತು.

ಕೆಳಗಿನ ಮನೆಯಲ್ಲಿ ಮನೆ ಮಾಲೀಕರು. ಯಜಮಾನರು ಮಾತಾಡುತ್ತಿರಲಿಲ್ಲ, ಅವರ ಪಾಲಿನದನ್ನೂ ಸೇರಿಸಿ ವಸಂತಾ ಮಾಮಿಯೇ ಮಾತಾಡುತ್ತಿದ್ದರು. ಗಲ್ಲಿಯ ತುದಿಯ ಹಳೆಯ ಬಂಗಲೆಯ ಮುಂದಿನ ಹಜಾರವನ್ನು ಬೀದಿಯವರು ಸೇರಿ ಗ್ಯಾಲರಿ ಮಾಡಿಕೊಂಡಿದ್ದರು. ಮಾಮಿ ಅದರ ಕಾರ್ಯದರ್ಶಿ. ವರ್ಷವೆಲ್ಲ ಅಲ್ಲಿ ತಂಜಾವೂರು ಚಿತ್ರ, ಮಣಿ ಪೋಣಿಸಿದ ಗಣಪತಿ, ಯಾರದೋ ಸೋದರಳಿಯ ತೆಗೆದ ಹುಲಿಯ ಫೋಟೋ ತೂಗುತ್ತಿದ್ದವು. ವರ್ಷಕ್ಕೊಮ್ಮೆ, ಬೇಸಿಗೆ ರಜೆಯಲ್ಲಿ, ಮಕ್ಕಳ ಚಿತ್ರಪ್ರದರ್ಶನ. ಆ ವರ್ಷ ಮಾಮಿ ಒಂದು ನಿಯಮ ತಂದರು. ಎಲ್ಲರೂ ತಮ್ಮ ತಮ್ಮ ಮನೆಯನ್ನೇ ಬರೆಯಬೇಕು, ನವಿಲು, ಸೂರ್ಯೋದಯ ತಂದರೆ ಬಾಗಿಲಿನಿಂದಲೇ ವಾಪಸ್ಸು. ಉದ್ಘಾಟನೆಗೆ ದೊಡ್ಡ ಚಿತ್ರಕಾರರೊಬ್ಬರು ಬರುತ್ತಾರೆ, ಎಲ್ಲರೂ ಅವರನ್ನು ಮಾಸ್ಟರ್ ಎನ್ನುತ್ತಾರೆ, ಅವರು ಸುಲಭಕ್ಕೆ ಯಾವುದನ್ನೂ ಹೊಗಳುವವರಲ್ಲ ಎಂದೂ ಹೇಳಿದರು. ನನಗೆ ಅಷ್ಟು ಸಾಕಾಯಿತು. ಆ ಹೊಗಳದ ಬಾಯಿಂದ ಹೊಗಳಿಸಿಕೊಳ್ಳಲೇಬೇಕು ಎಂದು ಹತ್ತನೆಯ ವಯಸ್ಸಿನ ಹಟ ಹುಟ್ಟಿತು.

ನಾನು ತಾರಸಿ ಬರೆದೆ. ಎರಡು ವಾರ ಬೇರೆ ಕೆಲಸ ಮಾಡಲಿಲ್ಲ. ಅಮ್ಮನ ಸೀರೆಗಳು, ಅಪ್ಪನ ಬನಿಯನ್ನು, ನನ್ನ ಯೂನಿಫಾರಂ ಎಲ್ಲ ಹಗ್ಗದ ಮೇಲೆ. ದೂರದಲ್ಲಿ ಗಳದ ಮೇಲೆ ಅಜ್ಜಿಯ ಸೀರೆ ಒಂದೇ. ಅಮ್ಮನ ಸೀರೆಗೇ ನೀಲಿ ಬಣ್ಣ ಮುಗಿದುಹೋದದ್ದರಿಂದ ಆಕಾಶ ಬಿಳಿ ಹಾಳೆಯಾಗಿಯೇ ಉಳಿಯಿತು. ನೋಡಿದರೆ ಅದೇ ಚೆನ್ನಾಗಿತ್ತು. ಚಿತ್ರ ಕೊಡಬೇಕಾದ ಬೆಳಿಗ್ಗೆ ಹಾಲಿನ ನೆಲದ ಮೇಲೆ ಒಣಗಲು ಬಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ನನ್ನ ಬಿಳಿ ಆಕಾಶದಲ್ಲಿ, ಅಜ್ಜಿಯ ಸೀರೆಯ ಮೇಲೆ ಸ್ವಲ್ಪ ಬಲಕ್ಕೆ, ಹುರುಳಿಕಾಳಿನ ಗಾತ್ರದ ಕಪ್ಪು ಚುಕ್ಕಿ. ಪಕ್ಕದಲ್ಲಿ ಅಜ್ಜಿ ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಿದ್ದಳು.

ನಾನು ಕಿರುಚಿದ್ದಕ್ಕೆ ಕೆಳಗಿನಿಂದ ಮಾಮಿ, "ಎನ್ನಾಚ್ಚು?" ಎಂದು ಕೂಗಿದರು.

"ಏನೂ ಆಗಿಲ್ಲ," ಎಂದಳು ಅಜ್ಜಿ ನೆಮ್ಮದಿಯಾಗಿ. "ಅಷ್ಟು ಜನ ಬಂದು ನೋಡ್ತಾರಂತೆ. ಹಂಗೇ ಕಳಿಸಕ್ಕಾಗತ್ತಾ? ಒಂದು ಬೊಟ್ಟು ಇಟ್ಟಿದೀನಿ."

"ಇದು ಚಿತ್ರ ಅಜ್ಜಿ! ಮಗು ಅಲ್ಲ!"

"ಎರಡು ವಾರ ಹೆತ್ತಿದೀಯಲ್ಲೇ, ಇನ್ನೇನು ಮತ್ತೆ?"

ಅಮ್ಮ ಬಂದರು, ಚಿತ್ರ ನೋಡಿದರು. "ಒಂದು ಮಾತು ಕೇಳಬಾರದಿತ್ತಾ ಅತ್ತೆ?" ಎಂದು ಸಾರಿನ ಸೌಟಿಗೆ ಹೇಳಿದರು. ಅಪ್ಪ ಪೇಪರು ಮಡಿಸಿಟ್ಟು, ರಬ್ಬರು ತಂದು, ಉಸಿರು ಬಿಗಿಹಿಡಿದು ಚುಕ್ಕಿಯ ಅಂಚನ್ನು ಒಮ್ಮೆ ಉಜ್ಜಿದರು. ಬೆಣ್ಣೆಯ ಕಾಡಿಗೆ, ಅದೆಲ್ಲಿ ಹೋಗುತ್ತದೆ? ಚುಕ್ಕಿಯ ಸುತ್ತ ಹೊಗೆಯಂಥ ಮಬ್ಬು ಹರಡಿತು. ಅಪ್ಪ ರಬ್ಬರನ್ನು ಜೇಬಿಗೆ ಹಾಕಿಕೊಂಡು ಆಫೀಸಿಗೆ ಹೊರಟೇಬಿಟ್ಟರು. ಇನ್ನೊಂದು ಬರೆಯಲು ಹೊತ್ತಿರಲಿಲ್ಲ. ಅಳುತ್ತಲೇ ಕೊಂಡುಹೋಗಿ ಮಾಮಿಗೆ ಕೊಟ್ಟೆ. ಆಮೇಲೆ ಮನೆಗೆ ಬಂದು ಅಜ್ಜಿಯ ಎದುರು ನಿಂತು ಕಿರುಬೆರಳು ತೋರಿಸಿ "ಕಾ" ಎಂದೆ. ನಮ್ಮ ಬೀದಿಯ ಮಕ್ಕಳಲ್ಲಿ ಕಾ ಬಿಟ್ಟರೆ ಮಾತು ಬಿಟ್ಟಂತೆ. ಅಜ್ಜಿಗೆ ಅದು ಗೊತ್ತಿತ್ತು. ಕಿವಿ ಕೇಳಿಸದವಳಂತೆ ಕೂತಳು.

ಉದ್ಘಾಟನೆಯ ದಿನ ಹಜಾರ ತುಂಬಿತ್ತು. ಗೋಡೆಯ ತುಂಬ ಮನೆಗಳು. ಹೆಚ್ಚಿನವಕ್ಕೆ ನಮ್ಮ ಬೀದಿಯಲ್ಲಿ ಎಲ್ಲೂ ಇಲ್ಲದ ಕೆಂಪು ಹೆಂಚು, ಎರಡು ಬೆಟ್ಟ, ನಡುವೆ ಸೂರ್ಯ. ಮಾಸ್ಟರು ಗಿಡ್ಡಗೆ, ಜುಬ್ಬದ ತೋಳಿಗೆ ಬಣ್ಣ ಮೆತ್ತಿಕೊಂಡು ಬಂದರು. ಒಂದೊಂದೇ ಚಿತ್ರ ನೋಡುತ್ತ, "ಊಂ" ಎನ್ನುತ್ತ ನಡೆದರು. ನನ್ನದರ ಎದುರು ಬಂದು ನಿಂತರು. ಊಂ ಎನ್ನಲಿಲ್ಲ. ಹಿಂದೆ ಸರಿದರು, ಮುಂದೆ ಬಂದರು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ನಾನು ಮಾಮಿಯ ಸೆರಗಿನ ಹಿಂದೆ ಸೇರಿಕೊಂಡೆ. ನನ್ನ ಮಾನ ಆ ಹುರುಳಿಕಾಳಿನ ಮೇಲೆ ನಿಂತಿತ್ತು. ಮಾಸ್ಟರು ಎಲ್ಲರನ್ನೂ ಹತ್ತಿರ ಕರೆದು ತಮಿಳಿನಲ್ಲಿ ಹೇಳಿದರು.

"ಈ ಚುಕ್ಕಿಗೆ ನಿಮ್ಮ ಹೆಬ್ಬೆರಳು ಅಡ್ಡ ಹಿಡಿಯಿರಿ. ಏನಿದೆ ಈಗ? ಒಗೆದ ಬಟ್ಟೆ. ಬೆರಳು ತೆಗೆಯಿರಿ. ನೋಡಿ, ಆ ಒಂಟಿ ಸೀರೆ ಯಾರದೋ ಆಯಿತು! ಸುತ್ತ ಆ ಮಬ್ಬು ಬೇರೆ. ಎಷ್ಟು ಧೈರ್ಯ ಬೇಕು ಅದಕ್ಕೆ!"

ಜನ ಸಾಲಾಗಿ ನಿಂತು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಚಾಚಿ ನೋಡತೊಡಗಿದರು. "ಮುಟ್ಟಬೇಡಿ, ಮುಟ್ಟಬೇಡಿ," ಎಂದು ಮಾಮಿ ಕೂಗುತ್ತಿದ್ದರು. ಮಬ್ಬಿನ ಮಾತು ಬಂದಾಗ ಹಿಂದೆ ನಿಂತಿದ್ದ ಅಪ್ಪ ಗಂಟಲು ಸರಿಮಾಡಿಕೊಂಡು ಕಾಲರು ನೇರ ಮಾಡಿಕೊಂಡರು. ಮಾಸ್ಟರು ನನ್ನನ್ನು ಮುಂದೆ ಕರೆಸಿದರು.

"ಅಲ್ಲೇ ಇಡಬೇಕು ಅಂತ ಯಾರಮ್ಮಾ ಹೇಳಿಕೊಟ್ಟರು?"

ಎರಡಡಿ ದೂರದಲ್ಲಿ ಅಜ್ಜಿ ನಿಂತಿದ್ದಳು. ಅವಳಿಗೆ ತಮಿಳು ಬರುವುದಿಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಆದರೆ ತರಕಾರಿಯವಳ ಜೊತೆ ಚೌಕಾಸಿ ಮಾಡುವಾಗ ಚೆನ್ನಾಗಿಯೇ ಬರುತ್ತಿತ್ತು.

"ಯಾರೂ ಇಲ್ಲ ಸಾರ್," ಎಂದೆ. "ನಾನೇ."

ಚಪ್ಪಾಳೆ ಬಿತ್ತು. ಮೂರು ವಾರ ಬಿಟ್ಟು ಎಗ್ಮೋರಿನ ದೊಡ್ಡ ಹಾಲಿನಲ್ಲಿ ಊರಿನ ಬೇರೆ ಬೇರೆ ಬೀದಿಗಳ ಮಕ್ಕಳ ಚಿತ್ರಗಳನ್ನು ಸೇರಿಸಿ ಪ್ರದರ್ಶನವಿದೆ, ಈ ಚಿತ್ರ ಅಲ್ಲಿಗೆ ಬರಬೇಕು, ಜೊತೆಗೆ ಇನ್ನೊಂದು ಬರೆದು ತರಬೇಕು, ಅದರಲ್ಲೂ ಇಂಥದೇ ಚುಕ್ಕಿ ಇರಬೇಕು ಎಂದು ಮಾಸ್ಟರು ಅಪ್ಪಣೆ ಕೊಟ್ಟರು. ಮನೆಗೆ ಬಂದ ಮೇಲೆ ಅಜ್ಜಿ ಕಾಲು ತೊಳೆದು ಬಂದು ಒಂದೇ ಮಾತು ಹೇಳಿದಳು.

"ಬೊಟ್ಟು ನೀನೇ ಇಟ್ಟೆ ಅಂದ್ಯಲ್ಲ. ಇನ್ನು ಮುಂದಿಂದೂ ನೀನೇ ಇಟ್ಕೊ."

ಅದರಲ್ಲೇನು ಮಹಾ ಎಂದುಕೊಂಡೆ. ಒಂದು ವಾರ ಕೂತು ಸಮುದ್ರದ ದಂಡೆ ಬರೆದು, ಕಪ್ಪು ಬಣ್ಣದಲ್ಲಿ ಚುಕ್ಕಿ ಇಟ್ಟು ಗೋಡೆಗೊರಗಿಸಿದೆ. ಅಮ್ಮ ಒರೆಸುವ ಬಟ್ಟೆ ಬೀಸಿ ನೊಣ ಓಡಿಸಲು ನೋಡಿದರು. ಎರಡನೆಯದಕ್ಕೆ ಚುಕ್ಕಿಯನ್ನು ದೊಡ್ಡದು ಮಾಡಿದೆ. ಅಪ್ಪ ಅದನ್ನು ಮೂಸಿ, "ಸಾರು ಸಿಡೀತಾ?" ಎಂದು ಕೇಳಿದರು. ಎಡಕ್ಕಿಟ್ಟೆ, ಬಲಕ್ಕಿಟ್ಟೆ, ಮೂಲೆಗಿಟ್ಟೆ. ಎಲ್ಲಿಟ್ಟರೂ ಅದು ಬಂದು ಕೂತ ಕಸದಂತೆ ಕಾಣುತ್ತಿತ್ತು. ಹತ್ತು ದಿನ ಉಳಿದಿತ್ತು. ಮಾಮಿ ದಿನಾ ಮೆಟ್ಟಿಲ ಬುಡದಿಂದ "ಆಯ್ತಾ?" ಎಂದು ಕೇಳುತ್ತಿದ್ದರು. ನನ್ನ ಸುಳ್ಳು ಎಗ್ಮೋರಿನಲ್ಲಿ ಎಲ್ಲರೆದುರು ಬಯಲಾಗುವುದು ಖಂಡಿತವಾಗಿತ್ತು. ನಾಚಿಕೆ ಬಿಟ್ಟು ಅಜ್ಜಿಯ ಎದುರು ಹೋಗಿ ಕೂತೆ. ತಪ್ಪಾಯಿತು ಎಂದೆ, ಅದೂ ಕನ್ನಡದಲ್ಲಿ.

ಅಜ್ಜಿ ಕನ್ನಡಕ ಹಾಕಿಕೊಂಡು ಮಣೆಯ ಮೇಲೆ ಕೂತಳು. ಚುಕ್ಕಿಯಿಡದೆ ಮತ್ತೆ ಬರೆದ ಸಮುದ್ರದ ದಂಡೆಯನ್ನು ಅಕ್ಕಿ ಡಬ್ಬಕ್ಕೆ ಒರಗಿಸಿದೆ. ನೋಡಿದಳು. ಕಾಡಿಗೆ ಡಬ್ಬಿ ಸೊಂಟದಿಂದ ಹೊರಗೆ ಬರಲೇ ಇಲ್ಲ.

"ಇದಕ್ಕೆ ಬೇಡ."

"ಯಾಕಜ್ಜಿ?"

"ಇದರ ಮೇಲೆ ಯಾರ ಕಣ್ಣು ಬೀಳತ್ತೆ? ಕ್ಷೇಮವಾಗಿರತ್ತೆ, ಬಿಡು."

ನಾನು ಬೇಡಿಕೊಂಡೆ. ಸುಮ್ಮನೆ ಒಂದು ಇಟ್ಟುಬಿಡು, ಏನು ಹೋಗುತ್ತದೆ ನಿನ್ನದು ಎಂದೆ. ಚೆನ್ನಾಗಿಲ್ಲದ್ದಕ್ಕೆ ಬೊಟ್ಟಿಟ್ಟರೆ ಬೊಟ್ಟಿಗೇ ಅವಮಾನ ಎಂದಳು. ಮಾರನೆಯ ದಿನ ದೇವಸ್ಥಾನದ ಗೋಪುರ ಒಯ್ದೆ, ಬೇಡ. ಎರಡು ದಿನ ಬಿಟ್ಟು ಮಾಮಿಯ ನಿಯಮವನ್ನೂ ಮರೆತು ನವಿಲು ಒಯ್ದೆ. ಅದನ್ನು ಪೂರ್ತಿ ನೋಡಲೂ ಇಲ್ಲ. ಕಾಸಿಮೇಡಿನ ಮೀನುಬಂದರಿನ ದೋಣಿಗಳನ್ನು ಒಯ್ದಾಗ ಮಾತ್ರ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದಳು.

"ನೀನು ಕಾಸಿಮೇಡು ನೋಡಿದೀಯೇನೇ?"

"ಇಲ್ಲ."

"ನೀನೇ ನೋಡದೆ ಇರೋದನ್ನ ನನಗ್ಯಾಕೆ ತೋರಿಸ್ತೀಯ?"

ಅಂದು ಅಳಲಿಲ್ಲ, ಸಿಟ್ಟು ಬಂತು. ಎದ್ದು ಅಡಿಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತೆ. ಒಳಗೆ ಡಿಕಾಕ್ಷನ್ನಿನ ಜಗಳ ನಡೆದಿತ್ತು. ಅಜ್ಜಿಯನ್ನು ಹೇಗಿದ್ದಾಳೋ ಹಾಗೇ ಬರೆದು ಸೇಡು ತೀರಿಸಿಕೊಳ್ಳುತ್ತೇನೆ ಎಂದುಕೊಂಡು ಶುರುಮಾಡಿದೆ. ಅಮ್ಮನ ಬೆನ್ನು, ಬೆವರಿಗೆ ಅಂಟಿದ ರವಿಕೆ. ಅಜ್ಜಿಯ ಬೆನ್ನು, ಬಾಗಿದ್ದು ಬಾಗಿದಷ್ಟೇ. ನಡುವೆ ಕಟ್ಟೆಯ ಮೇಲೆ ಹಿತ್ತಾಳೆಯ ಫಿಲ್ಟರು. ಎಗ್ಮೋರಿಗೆ ಎರಡೇ ದಿನ ಉಳಿದಾಗ ಅದು ಮುಗಿಯಿತು. ತೋರಿಸಲು ಹೆದರಿಕೆಯಾಗಿ ಅಕ್ಕಿ ಡಬ್ಬಕ್ಕೆ ಒರಗಿಸಿ ಬಾಗಿಲ ಹಿಂದೆ ನಿಂತೆ. ಅಜ್ಜಿ ಬಂದು ನೋಡಿದಳು. ತುಂಬ ಹೊತ್ತು ನೋಡಿದಳು.

"ಶಾರದಾ, ನನ್ನ ಬೆನ್ನು ಇಷ್ಟು ಗೂನಾಗಿದೆಯಾ?"

ಅಮ್ಮ ಬಂದು ಬಗ್ಗಿದರು. "ಸ್ವಲ್ಪ ಜಾಸ್ತಿ ಬರೆದಿದಾಳೆ ಅತ್ತೆ," ಎಂದರು ಮೆಲ್ಲಗೆ. ಆ ಸಲ ಸೌಟಿಗಲ್ಲ, ಅಜ್ಜಿಗೇ ಹೇಳಿದರು.

"ಇಲ್ಲ. ಸರಿಯಾಗೇ ಬರೆದಿದಾಳೆ."

ಅಜ್ಜಿಯ ಕೈ ಸೊಂಟಕ್ಕೆ ಹೋಯಿತು. ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿ ನನಗೆ ಆದ ಸಂತೋಷ ಆ ಮೇಲೆ ಯಾವ ಚಪ್ಪಾಳೆಯಿಂದಲೂ ಆಗಿಲ್ಲ. ಅವಳು ಬೆರಳದ್ದಿ, ಎರಡು ಬೆನ್ನುಗಳ ನಡುವೆ, ಫಿಲ್ಟರಿನ ಮೇಲೆ ಒಂದಿಂಚು ಬಿಟ್ಟು, ಒಂದು ಬೊಟ್ಟು ಇಟ್ಟಳು. ಅಲ್ಲಿಯವರೆಗೆ ಕೋಪ ಮಾಡಿಕೊಂಡು ನಿಂತಿದ್ದ ಇಬ್ಬರು ಈಗ ಯಾರು ಮೊದಲು ತಿರುಗುತ್ತಾರೋ ಎಂದು ಕಾಯುತ್ತಿರುವಂತೆ ಕಂಡರು.

ಎಗ್ಮೋರಿನ ಹಾಲಿನಲ್ಲಿ ಎ.ಸಿ. ಇತ್ತು, ಮೈಕು ಇತ್ತು. ಒಂದು ಗೋಡೆಯಲ್ಲಿ ಮಕ್ಕಳ ಚಿತ್ರಗಳು, ಎದುರು ಗೋಡೆಯಲ್ಲಿ ಮಾಸ್ಟರ ಸ್ವಂತ ಚಿತ್ರ ಒಂದೇ, ಬಾಗಿಲಿನಷ್ಟು ಎತ್ತರದ್ದು, ಅದರ ತುಂಬ ಕೆಂಪು ಬಳೆಗಳಂಥ ವೃತ್ತಗಳು. ಮಾಸ್ಟರು ಮೈಕು ಹಿಡಿದು ನನ್ನ ಹೆಗಲ ಮೇಲೆ ಕೈಯಿಟ್ಟು, ಈ ಹುಡುಗಿಗೆ ಯಾರೂ ಹೇಳಿಕೊಟ್ಟಿಲ್ಲ, ಈ ಚುಕ್ಕಿ ಇವಳಿಗೆ ಹುಟ್ಟಿನಿಂದ ಬಂದದ್ದು ಎಂದು ಶುರುಮಾಡಿದರು. ಎದುರಿಗೆ ಅಮ್ಮ, ಅಪ್ಪ, ಮಾಮಿ, ಅಜ್ಜಿ. ಅಜ್ಜಿ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಚಿತ್ರವನ್ನು ನೋಡುತ್ತಿದ್ದಳು. ಬೈದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಸತ್ಯ ಹೇಳಿದರೆ ಎರಡೂ ಚಿತ್ರಗಳನ್ನು ಗೋಡೆಯಿಂದ ಇಳಿಸುತ್ತಾರೆ ಎಂದು ನನಗೆ ಖಾತ್ರಿಯಿತ್ತು.

"ಸಾರ್," ಎಂದೆ. ಮೈಕಿನಲ್ಲಿ ಅದು ಹಾಲಿಗೆಲ್ಲ ಕೇಳಿಸಿತು. "ಚುಕ್ಕಿ ನಾನು ಇಟ್ಟದ್ದಲ್ಲ. ಎರಡೂ ನಮ್ಮಜ್ಜಿ ಇಟ್ಟದ್ದು. ಅದು ದೃಷ್ಟಿಬೊಟ್ಟು."

ಯಾರೋ ಕಿಸಕ್ಕೆಂದರು, ಆಮೇಲೆ ಹಾಲೇ ನಕ್ಕಿತು. ಮಾಸ್ಟರು ನಗಲಿಲ್ಲ. ಮೈಕು ಕೆಳಗಿಟ್ಟು ಅಜ್ಜಿಯ ಬಳಿ ಹೋಗಿ ಕೈಮುಗಿದರು. ಎಲ್ಲಿಡಬೇಕು ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು. ಅಜ್ಜಿ ಕನ್ನಡದಲ್ಲೇ ಉತ್ತರ ಕೊಟ್ಟಳು, ನಾನು ತಮಿಳಿಗೆ ತಿರುಗಿಸಿದೆ.

"ಎಲ್ಲಿ ನೋಡಿದ್ರೆ ಕಣ್ಣು ಅಲ್ಲೇ ಕೂತ್ಕೊಂಡುಬಿಡತ್ತೋ ಅಲ್ಲಿಗೆ ಇಡ್ತೀನಿ. ಕೆಟ್ಟ ಕಣ್ಣೂ ಅಲ್ಲಿಗೇ ತಾನೇ ಬರೋದು?"

ಮಾಸ್ಟರು ಅಜ್ಜಿಯನ್ನು ತಮ್ಮ ಚಿತ್ರದ ಎದುರಿಗೆ ಕರೆದೊಯ್ದು, "ಇದಕ್ಕೊಂದು ಇಡಿ ಅಮ್ಮಾ," ಎಂದರು. ಜನರೆಲ್ಲ ಹಿಂದೆ ಬಂದರು. ಅಜ್ಜಿ ಆ ತುದಿಯಿಂದ ಈ ತುದಿಗೆ ನಡೆದಳು, ಕತ್ತೆತ್ತಿ ನೋಡಿದಳು, ಬಗ್ಗಿ ನೋಡಿದಳು. ನನಗೆ ಅವಳ ಸೊಂಟದ ಮೇಲೇ ಕಣ್ಣು. ಕೈ ಅಲ್ಲಿಗೆ ಹೋಗಲೇ ಇಲ್ಲ.

"ಇದಕ್ಕೂ ಬೇಡ ಅನ್ನು."

ಮಾಮಿ ನನ್ನ ತೋಳು ಚಿವುಟಿ, ಏನಾದರೂ ಒಳ್ಳೆಯ ಮಾತು ಸೇರಿಸಿ ಹೇಳು ಎಂದು ಕಿವಿಯಲ್ಲಿ ಅಂದರು. ಆದರೆ ಒಂದು ದಿನಕ್ಕೆ ಬೇಕಾದ ಧೈರ್ಯ ಆಗಲೇ ಖರ್ಚಾಗಿತ್ತು, ಹೊಸ ಸುಳ್ಳು ಕಟ್ಟಲು ನನ್ನಲ್ಲಿ ಚೈತನ್ಯವೇ ಇರಲಿಲ್ಲ. ಅಜ್ಜಿ ನನಗೆ ಹೇಳಿದ್ದ ಕಾರಣವನ್ನೇ ಹೇಳಿದೆ.

"ಬೇಡವಂತೆ ಸಾರ್. ಇದರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲವಂತೆ."

ಮಾಸ್ಟರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು.

"ನಿನಗೆ ಎಷ್ಟು ಸಲ ಬೇಡ ಅಂದರು?"

"ನಾಲ್ಕು ಸಲ ಸಾರ್."

"ನನಗೆ ಇದು ಒಂದೇ," ಎಂದರು. ಮುಖ ಗೆಲುವಾಯಿತು. ನನ್ನ ಚಿತ್ರಗಳನ್ನು ಯಾರೂ ಇಳಿಸಲಿಲ್ಲ. ಹೆಸರಿನ ಚೀಟಿಯಲ್ಲಿ ನನ್ನ ಹೆಸರಿನ ಕೆಳಗೆ ಮಾಸ್ಟರು ತಾವೇ ಅಜ್ಜಿಯ ಹೆಸರು ಬರೆದರು.

ಆಮೇಲೆ ಅಜ್ಜಿಗೆ ಬಿಡುವಿಲ್ಲ. ತಾಯಂದಿರು ಮಕ್ಕಳ ಕೈಹಿಡಿದುಕೊಂಡು ಬಂದು, ನಮ್ಮದನ್ನೂ ನೋಡಿ ಪಾಟ್ಟಿ ಎಂದು ತಮ್ಮಜ್ಜಿಯನ್ನು ಕರೆದಂತೆ ಕರೆದು ಅವಳನ್ನು ಗೋಡೆಯುದ್ದಕ್ಕೂ ನಡೆಸಿದರು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಮನೆಗೆ ಬಂದಾಗ ಅವಳು ಸುಸ್ತಾಗಿ ಹಾಲಿನಲ್ಲಿ ಗೋಡೆಗೊರಗಿ ಕೂತಳು. ತಲೆನೋವು ಎಂದಳು. ಬಿಸಿಲಿಗೆ ಎಂದರು ಅಪ್ಪ.

"ಬಿಸಿಲೂ ಇಲ್ಲ, ಮಣ್ಣೂ ಇಲ್ಲ. ಇವತ್ತು ಅಷ್ಟೂ ಜನರ ಕಣ್ಣು ನನ್ನ ಮೇಲೇ ಇತ್ತು," ಎಂದಳು ಅಜ್ಜಿ. ಸೊಂಟದಿಂದ ಡಬ್ಬಿ ತೆಗೆದು ನನ್ನ ಕೈಗಿಟ್ಟಳು. "ನೀನೇ ಇಡು ಪುಟ್ಟಿ."

"ಎಲ್ಲಿಗೆ ಅಜ್ಜಿ?"

"ಅದನ್ನೂ ನಾನೇ ಹೇಳಬೇಕಾ? ನೋಡು."

ಅವಳ ಎದುರು ಮಂಡಿಯೂರಿ ಕೂತು ನೋಡಿದೆ. ಅಜ್ಜ ಹೋದಂದಿನಿಂದ ಆ ಮುಖದ ಮೇಲೆ ಯಾರೂ ಏನನ್ನೂ ಇಟ್ಟಿರಲಿಲ್ಲ. ಹಣೆ ನೋಡಿದೆ, ಕೆನ್ನೆ ನೋಡಿದೆ, ಗಲ್ಲ ನೋಡಿದೆ. ಅಜ್ಜಿ ನಗು ತಡೆದುಕೊಂಡಿದ್ದಳು. ಅದಕ್ಕೇ ಬಾಯಿಯ ಬಲಮೂಲೆಯಲ್ಲಿ ಒಂದು ಸಣ್ಣ ಗೆರೆ ಎದ್ದಿತ್ತು. ನನ್ನ ಕಣ್ಣು ಅಲ್ಲೇ ಕೂತಿತು. ಬೆರಳದ್ದಿ ಅಲ್ಲಿಗೆ ಇಟ್ಟೆ.

ಅಮ್ಮ ಕನ್ನಡಿ ತಂದು ಹಿಡಿದರು. ಅಜ್ಜಿ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು.

"ಶಾರದಾ," ಎಂದಳು. "ನಾನು ಇಷ್ಟು ಚೆನ್ನಾಗಿದೀನೇನೇ?"